ನಿದ್ದೆ ನಂಬಿ ಕೂರುವ ಹಾಗಿಲ್ಲ



ರಾತ್ರಿ ಹೊತ್ತು ದೊಡ್ಡಾಸ್ಪತ್ರೆಯ ಕ್ಯಾಜುವಾಲ್ಟಿಯಲ್ಲಿ ನೋವಿನಿಂದ ಕೂಗಾಡುವವರ ಸುತ್ತ ಜನ ತಾನಾಗಿಯೇ ಸೇರುತ್ತಾರೆ. ಸದ್ದಿಲ್ಲದೆ ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಒಳಗೆ ಬಂದವರ ಹತ್ತಿರ ಅಷ್ಟು ಗದ್ದಲವಿರುವುದಿಲ್ಲ. ಜೊತೆಗೆ ಬಂದವರೂ ಕೊಂಚ ಸಮಾಧಾನದಲ್ಲೇ ಇರುತ್ತಾರೆ. “ನಿದ್ದೆ ಮಾತ್ರೆ ತಗೊಂಡ್‌ಬಿಟ್ಟಿದಾರೆ ಸಾರ್. ಉಸಿರಾಟ ಚೆನ್ನಾಗೇ ಇದೆ. ಒಂದು ಡ್ರಿಪ್ ಹಾಕ್ಬಿಡಿ, ಬೆಳಿಗ್ಗೆ ಹೊತ್ತಿಗೆ ಎದ್ದೇಳ್ತಾರೆ” ಎನ್ನುತ್ತಾರೆ. ಬರಿಯ ನಿದ್ದೆ ಮಾತ್ರೆಯೇ ಆಗಿದ್ದರೆ, ರೋಗಿಗೆ ವಯಸ್ಸಾಗಿಲ್ಲದಿದ್ದರೆ, ಹೆಂಡ ಸೇರಿಲ್ಲದಿದ್ದರೆ, ಬಹಳಷ್ಟು ಸಲ ಅವರ ಮಾತು ಸುಳ್ಳಾಗುವುದಿಲ್ಲ. ಆದರೆ ನಿದ್ದೆ ಮಾತ್ರೆ ಇರುವ ಮನೆಯಲ್ಲಿ ಈಗ ಸಾಮಾನ್ಯವಾಗಿ ಇನ್ನೊಂದು ಮಾತ್ರೆಯೂ ಇರುತ್ತದೆ. ಅದು ಖಿನ್ನತೆಗೆ ಕೊಡುವ ಮಾತ್ರೆ. ಇವೆರಡೂ ಒಟ್ಟಿಗೆ ಮಿತಿಮೀರಿ ಹೊಟ್ಟೆ ಸೇರಿದಾಗ ಆಸ್ಪತ್ರೆಯವರು ರೋಗಿಯಲ್ಲಿ ಏನನ್ನು ನೋಡುತ್ತಾರೆ, ಯಾವುದನ್ನು ನಂಬುವುದಿಲ್ಲ ಎಂಬುದು ಇವತ್ತಿನ ವಿಷಯ.

ಎಷ್ಟು ಮಾತ್ರೆಗೆ ಎಷ್ಟು ಅಪಾಯ ಎಂಬ ಲೆಕ್ಕ ಈ ಭಾಷಣದಲ್ಲಿ ಬರುವುದಿಲ್ಲ. ರೇಡಿಯೋದಲ್ಲಿ ಹೇಳುವ ಮಾತಲ್ಲ ಅದು. ಆಸ್ಪತ್ರೆಯಲ್ಲೂ ಆ ಲೆಕ್ಕಕ್ಕೆ ನೀವು ಎಣಿಸಿದಷ್ಟು ಬೆಲೆಯಿಲ್ಲ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಈ ಎರಡು ಮಾತ್ರೆಗಳು ಜೊತೆಯಾಗಿರುವುದು ಆಕಸ್ಮಿಕವೇನಲ್ಲ. ಖಿನ್ನತೆಯ ಔಷಧಿ ಫಲ ತೋರಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ನಿದ್ದೆಯಿಲ್ಲದ ರಾತ್ರಿಗಳು, ಎದೆ ಡವಗುಟ್ಟುವುದು, ಕೈ ನಡುಗುವುದು ಇವುಗಳಿಗೆ ತಾತ್ಕಾಲಿಕ ಆಸರೆಯಾಗಿ ಬೆಂಜೊಡಯಾಜೆಪೈನ್ ಗುಂಪಿನ ಔಷಧಿ ಬರೆಯುತ್ತಾರೆ. ಕ್ಲೊನಜೆಪಾಮ್, ಆಲ್ಪ್ರಜೊಲಾಮ್, ಡಯಾಜೆಪಾಮ್ ಎಲ್ಲ ಈ ಗುಂಪಿನವು. ನಮ್ಮ ದೇಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡನ್ನೂ ಒಂದೇ ಮಾತ್ರೆಯೊಳಗೆ ಸೇರಿಸಿ ಮಾರುತ್ತಾರೆ. ಎಸ್ಸಿಟಲೋಪ್ರಾಮ್ ಜೊತೆ ಕ್ಲೊನಜೆಪಾಮ್, ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಾಜೆಪಾಕ್ಸೈಡ್, ಹೀಗೆ. ಇದು ಅನುಕೂಲ ಅನ್ನುವವರಿದ್ದಾರೆ. ನನಗೆ ಅಷ್ಟು ಹಿಡಿಸಿದ ವ್ಯವಸ್ಥೆಯಲ್ಲ. ನಿದ್ದೆ ಮಾತ್ರೆಯನ್ನು ಕೆಲವು ವಾರಗಳಲ್ಲಿ ಇಳಿಸುತ್ತಾ ಬಂದು ನಿಲ್ಲಿಸಬೇಕು, ಖಿನ್ನತೆಯ ಮಾತ್ರೆಯನ್ನು ತಿಂಗಳುಗಟ್ಟಲೆ ಮುಂದುವರಿಸಬೇಕು. ಎರಡೂ ಒಂದರಲ್ಲೇ ಇದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ನುಂಗುವುದು ಹೇಗೆ?

ಎರಡು ಕುಟುಂಬಗಳೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವು. ಸ್ವಿಟ್ಜರ್ಲೆಂಡಿನ ಮುನ್‌ಸ್ಟರ್‌ಲಿಂಗೆನ್ ಎಂಬ ಊರಿನ ಮನೋರೋಗ ಆಸ್ಪತ್ರೆಯಲ್ಲಿ ರೋಲಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್ ಎಂಬ ವಸ್ತು ಖಿನ್ನತೆಯವರನ್ನು ಮೇಲೆತ್ತುವುದನ್ನು ಗಮನಿಸಿ 1957ರಲ್ಲಿ ವರದಿ ಮಾಡಿದರು. ಅದರ ವಂಶದ್ದೇ ಅಮಿಟ್ರಿಪ್ಟಿಲಿನ್. ಈ ವಂಶಕ್ಕೆ ಟ್ರೈಸೈಕ್ಲಿಕ್ ಎಂದು ಹೆಸರು. ಅತ್ತ ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ ಲಿಬ್ರಿಯಂ ಆಗಿ ಅಂಗಡಿಗೆ ಬಂತು, 1963ರಲ್ಲಿ ವ್ಯಾಲಿಯಂ. 1987ರಲ್ಲಿ ಅಮೆರಿಕದಲ್ಲಿ ಫ್ಲುಆಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಖಿನ್ನತೆಗೆ ಹೊಸ ವಂಶದ ಮಾತ್ರೆಗಳು ಬಂದವು. ಹೊಸವು ಹೃದಯದ ಮಟ್ಟಿಗೆ ಹಳೆಯವಕ್ಕಿಂತ ಬಹಳ ಸಾಧು. ಹಾಗಂತ ಹಳೆಯವು ಮೂಲೆಗೆ ಸರಿಯಲಿಲ್ಲ. ಅರೆತಲೆನೋವಿಗೆ, ಸಕ್ಕರೆ ಕಾಯಿಲೆಯವರ ಕಾಲುರಿಗೆ, ಹಳೆಯ ಬೆನ್ನುನೋವಿಗೆ ಅಮಿಟ್ರಿಪ್ಟಿಲಿನ್ ಈಗಲೂ ಬರೆಯುತ್ತಾರೆ. ಮನೆಯವರನ್ನು ಕೇಳಿದರೆ “ಅದು ನರದ ಮಾತ್ರೆ” ಅನ್ನುತ್ತಾರೆ. ಖಿನ್ನತೆಯ ಔಷಧಿ ಮನೆಯಲ್ಲಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಇನ್ನು ಕ್ಯಾಜುವಾಲ್ಟಿಯ ಒಳಗೆ ಹೋಗೋಣ. ಮೊದಲ ನಿಮಿಷಗಳಲ್ಲಿ ಯಾವ ಮಾತ್ರೆ ಎಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಗಂಟಲಲ್ಲಿ ವಾಂತಿ ಸಿಕ್ಕಿಕೊಂಡಿದೆಯೇ, ನಾಲಗೆ ಹಿಂದೆ ಜಾರಿದೆಯೇ, ಉಸಿರು ಎಷ್ಟಿದೆ, ರಕ್ತದೊತ್ತಡ ಎಷ್ಟಿದೆ ಎಂದು ನೋಡುತ್ತಾರೆ. ಬೆರಳು ಚುಚ್ಚಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದವರು ನಿದ್ದೆ ಮಾತ್ರೆ ನುಂಗಿದವರ ಹಾಗೆಯೇ ಕಾಣುತ್ತಾರೆ. ಆ ಒಂದು ಹನಿ ರಕ್ತ ನೋಡದೆ ಮುಂದಿನ ಮಾತಿಲ್ಲ.

ಉಸಿರಿನ ವಿಷಯದಲ್ಲಿ ಕೋವಿಡ್ ನಂತರ ಒಂದು ಹೊಸ ತೊಡಕು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲರ ಮನೆಯಲ್ಲೂ ಇದೆ, ಎಲ್ಲರಿಗೂ ಅದನ್ನು ಓದಲು ಬರುತ್ತದೆ. “98 ಇದೆ ಸಾರ್” ಎಂದು ನೆಮ್ಮದಿಯಾಗುತ್ತಾರೆ. ಆಮ್ಲಜನಕದ ಮಾಸ್ಕ್ ಹಾಕಿರುವ ರೋಗಿಯಲ್ಲಿ 98 ಇರುವುದು ದೊಡ್ಡದಲ್ಲ. ನಿದ್ದೆ ಮಾತ್ರೆ ಉಸಿರನ್ನು ಮೆಲ್ಲಗೆ ತಗ್ಗಿಸಿದಾಗ ಒಳಗೆ ಕಾರ್ಬನ್ ಡೈಆಕ್ಸೈಡ್ ಕೂಡಿಕೊಳ್ಳುತ್ತಾ ಹೋಗುತ್ತದೆ. ಅದನ್ನು ಆ ಯಂತ್ರ ತೋರಿಸುವುದಿಲ್ಲ. ಹಾಗಾಗಿ ಅನುಭವವಿರುವ ಸಿಸ್ಟರ್ ಗಡಿಯಾರ ನೋಡುತ್ತಾ ರೋಗಿಯ ಎದೆ ಒಂದಿಡೀ ನಿಮಿಷಕ್ಕೆ ಎಷ್ಟು ಸಲ ಏರಿಳಿಯಿತು ಎಂದು ಎಣಿಸುತ್ತಾರೆ. ಸಂಶಯ ಬಂದರೆ ಧಮನಿಯ ರಕ್ತ ತೆಗೆದು ಪರೀಕ್ಷಿಸುತ್ತಾರೆ.

ಈ ಕಾರ್ಬನ್ ಡೈಆಕ್ಸೈಡಿನ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಅದು ಹೆಚ್ಚಾದಷ್ಟೂ ರಕ್ತ ಆಮ್ಲೀಯವಾಗುತ್ತದೆ. ಹಳೆಯ ವಂಶದ ಖಿನ್ನತೆ ಮಾತ್ರೆಗಳು ಹೃದಯದ ಕೋಶಗಳಲ್ಲಿ ಸೋಡಿಯಂ ಒಳಬರುವ ದಾರಿಯನ್ನು ಮುಚ್ಚುತ್ತವೆ. ರಕ್ತ ಆಮ್ಲೀಯವಾದಂತೆ ಆ ಹಿಡಿತ ಬಿಗಿಯಾಗುತ್ತದೆ. ಅಂದರೆ ನಿದ್ದೆ ಮಾತ್ರೆ ಸುಮ್ಮನೆ ಮಲಗಿಸುತ್ತಿಲ್ಲ. ಉಸಿರನ್ನು ತಗ್ಗಿಸಿ, ಆ ಮೂಲಕ ಜೊತೆಗಾರನಿಗೆ ಹೃದಯವನ್ನು ಒಪ್ಪಿಸಿಕೊಡುತ್ತಿದೆ. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿದರೆ ಉತ್ತರ ಬರುವುದಿಲ್ಲ ಎನ್ನುವುದು ಇದಕ್ಕೇ.

ಇಷ್ಟು ಹೊತ್ತಿಗೆ ಇನ್ನೊಬ್ಬರು ಮನೆಯವರ ಹತ್ತಿರ ವಿಚಾರಣೆ ಶುರು ಮಾಡಿರುತ್ತಾರೆ. ಏನು, ಯಾವಾಗ, ಒಂದೇ ಸಲವೋ, ಹೆಂಡದ ಜೊತೆಗೋ, ಮೊದಲಿನಿಂದ ಯಾವ ಕಾಯಿಲೆಗೆ ಯಾವ ಮಾತ್ರೆ. ಇಲ್ಲಿ ನಮಗೆ ಸಿಗುವ ಒಳ್ಳೆಯ ಸಾಕ್ಷಿ ಎಂದರೆ ಖಾಲಿ ಸ್ಟ್ರಿಪ್. ಅದರಲ್ಲೂ ಒಂದು ತೊಂದರೆ ಉಂಟು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಹತ್ತು ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ನಾಲ್ಕೋ ಆರೋ ಕೊಡುತ್ತಾರೆ. ಹೆಸರಿರುವ ತುಂಡು ಅಂಗಡಿಯಲ್ಲೇ ಉಳಿದು, ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬ ಸಾಲಿನ ಅರ್ಧ ಮಾತ್ರ ನಮ್ಮ ಕೈಗೆ ಬರುತ್ತದೆ. ಆಗ ವೈದ್ಯರ ಹಳೆಯ ಚೀಟಿ, ಬಿಲ್ಲು, ಮೊಬೈಲಿನಲ್ಲಿ ತೆಗೆದಿಟ್ಟ ಫೋಟೋ ಯಾವುದಾದರೂ ಸರಿ. ಮನೆಯಲ್ಲಿ ಉಳಿದವರಿಗೆ ಫೋನ್ ಮಾಡಿಸಿ ದಿಂಬಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಬಚ್ಚಲಲ್ಲಿ ಹುಡುಕಿಸುತ್ತೇವೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಎಣಿಸಿ ನೋಡಿ ಅನ್ನುತ್ತೇವೆ. ಸುಲಭಕ್ಕೆ ಸಿಗುವ ಪ್ಯಾರಾಸಿಟಮಾಲ್ ಕೂಡ ಬೆರೆತಿರಬಹುದು. ಅದು ಮೊದಲ ದಿನ ಏನೂ ತೋರಗೊಡದೆ ಆಮೇಲೆ ಯಕೃತ್ತನ್ನು ಹಿಡಿಯುತ್ತದೆ, ಹಾಗಾಗಿ ಕೇಳದೇ ಇದ್ದರೂ ಅದಕ್ಕೊಂದು ರಕ್ತ ಪರೀಕ್ಷೆ ಕಳಿಸುತ್ತೇವೆ.

ಮನೆಯವರು ನಿಜ ಹೇಳುವುದಿಲ್ಲ ಎಂದು ಕಿರಿಯ ವೈದ್ಯರು ಸಿಟ್ಟಾಗುವುದುಂಟು. ಸಿಟ್ಟಾಗಿ ಫಲವಿಲ್ಲ. ಅವರಿಗೆ ಪೊಲೀಸರ ಹೆದರಿಕೆ, ಬೀದಿಯವರ ಬಾಯಿಯ ಹೆದರಿಕೆ, ಮಗಳ ಮದುವೆಯ ಯೋಚನೆ. “ಹೊಟ್ಟೆನೋವು ಅಂತ ಮಲಗಿದ್ಲು” ಎನ್ನುತ್ತಾರೆ. ಕಾನೂನು ಈಗ ಅವರು ತಿಳಿದಷ್ಟು ಕಠಿಣವಾಗಿಲ್ಲ ಎಂಬುದನ್ನು ಈ ಮಾತಿನ ನಡುವೆಯೇ ಹೇಳಿಬಿಡುತ್ತೇನೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 115ನೆಯ ಕಲಮಿನ ಪ್ರಕಾರ, ಜೀವ ತೆಗೆದುಕೊಳ್ಳಲು ಹೊರಟವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವ ಹಾಗಿಲ್ಲ. ಅದನ್ನು ಅಪರಾಧವೆನ್ನುತ್ತಿದ್ದ ಹಳೆಯ ಐಪಿಸಿಯ 309ನೆಯ ಕಲಮು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಗೆ ಬರಲೇ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ, ಎಂದು ಬರೆದುಕೊಳ್ಳುವುದು ದಾಖಲೆಗೆ. ಅದಕ್ಕೆ ಹೆದರಿ ಮಾತ್ರೆಯ ಹೆಸರು ಮುಚ್ಚಿಟ್ಟರೆ ಕಷ್ಟ ರೋಗಿಗೆ.

ಮನೆಯವರು ಹೇಳದೇ ಇದ್ದುದನ್ನು ಮೈ ಹೇಳುತ್ತದೆ. ಬರಿಯ ನಿದ್ದೆ ಮಾತ್ರೆಯ ರೋಗಿ ತೊದಲುತ್ತಾನೆ, ಮಲಗುತ್ತಾನೆ. ಆದರೆ ನಾಡಿ, ಒತ್ತಡ, ಕಣ್ಣಿನ ಪಾಪೆ ಹೆಚ್ಚು ಕೆಟ್ಟಿರುವುದಿಲ್ಲ. ಅದೇ ನಿದ್ದೆಯ ಜೊತೆಗೆ ನಾಡಿ ನೂರಿಪ್ಪತ್ತು ದಾಟಿದ್ದರೆ, ಪಾಪೆ ಹಿಗ್ಗಿದ್ದರೆ, ಬಾಯಿ ಒಣಗಿದ್ದರೆ, ಚರ್ಮ ಕೆಂಪಾಗಿ ಬಿಸಿಯಾಗಿದ್ದರೆ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟಾಗ ಕರುಳಿನ ಸದ್ದು ಕೇಳದಿದ್ದರೆ, ಮೂತ್ರ ಕಟ್ಟಿಕೊಂಡು ಕೆಳಹೊಟ್ಟೆ ಉಬ್ಬಿದ್ದರೆ, ಕೆಳಗೆ ಇನ್ನೊಂದು ಔಷಧಿ ಕೆಲಸ ಮಾಡುತ್ತಿದೆ ಎಂದರ್ಥ. ಹಳೆಯ ವಂಶದ ಖಿನ್ನತೆ ಮಾತ್ರೆಯ ಗುರುತುಗಳಿವು.

ನಮ್ಮ ಕಡೆ ಇದಕ್ಕೆ ಒಂದು ವಿಶೇಷ ಗೊಂದಲವಿದೆ. ಹಳ್ಳಿಯಿಂದ ಪ್ರಜ್ಞೆಯಿಲ್ಲದೆ ಬಂದ ರೋಗಿ ಎಂದರೆ ಮೊದಲು ನೆನಪಾಗುವುದು ಬೆಳೆಗೆ ಹೊಡೆಯುವ ಔಷಧಿ. ಆ ಕೀಟನಾಶಕದ ಗುರುತು ಇದಕ್ಕೆ ಪೂರಾ ತಿರುಗಾಮುರುಗಾ: ಪಾಪೆ ಸೂಜಿಮೊನೆಯಷ್ಟು ಸಣ್ಣ, ಬಾಯಿಂದ ಜೊಲ್ಲು, ಮೈಯೆಲ್ಲ ಬೆವರು, ಕರುಳಿನ ಗುಡುಗುಡು. ಅದಕ್ಕೆ ಮದ್ದು ಅಟ್ರೊಪಿನ್. ಈಗ ಊರಿನ ಸಣ್ಣ ಕ್ಲಿನಿಕ್ಕಿನಲ್ಲಿ ಕೀಟನಾಶಕವೇ ಇರಬೇಕೆಂದು ಅಟ್ರೊಪಿನ್ ಚುಚ್ಚಿ, ಚೀಟಿಯಲ್ಲಿ ಬರೆಯದೆ ಕಳಿಸಿದರು ಎಂದುಕೊಳ್ಳಿ. ಅಟ್ರೊಪಿನ್ ತಾನೇ ಪಾಪೆಯನ್ನು ಹಿಗ್ಗಿಸುತ್ತದೆ, ನಾಡಿಯನ್ನು ಓಡಿಸುತ್ತದೆ, ಬಾಯಿಯನ್ನು ಒಣಗಿಸುತ್ತದೆ. ದೊಡ್ಡಾಸ್ಪತ್ರೆಯವರಿಗೆ ಇದು ಮಾತ್ರೆಯ ಆಟವೋ ಇಂಜೆಕ್ಷನ್ನಿನ ಆಟವೋ ತಿಳಿಯದು. ರೋಗಿಯನ್ನು ಕಳಿಸಿಕೊಡುವ ವೈದ್ಯ ಮಿತ್ರರು ಕೇಳುತ್ತಿದ್ದರೆ ಒಂದು ಕೋರಿಕೆ: ಏನು ಚುಚ್ಚಿದಿರಿ, ಎಷ್ಟು ಗಂಟೆಗೆ ಎಂದು ಒಂದು ಸಾಲು ಬರೆಯಿರಿ. ಅಕ್ಷರ ಓದುವಂತಿದ್ದರೆ ಇನ್ನೂ ಸಂತೋಷ.

ಮೈ ನೋಡಿದ ಮೇಲೆ ಇಸಿಜಿ. ಈ ಇಡೀ ಭಾಷಣದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ ಎನ್ನುತ್ತೇನೆ. ಹೃದಯದ ಕೆಳಕೋಣೆಗಳಿಗೆ ವಿದ್ಯುತ್ತು ಹರಡಲು ತೆಗೆದುಕೊಳ್ಳುವ ಸಮಯ ಆ ಕಾಗದದಲ್ಲಿ ಕ್ಯೂಆರ್‌ಎಸ್ ಎಂಬ ಚೂಪು ಗೆರೆಯ ಅಗಲವಾಗಿ ಕಾಣುತ್ತದೆ. ಕಾಗದದ ಒಂದು ಸಣ್ಣ ಚೌಕ ಎಂದರೆ ಸೆಕೆಂಡಿನ ಸಾವಿರದಲ್ಲಿ 40 ಭಾಗ. 1985ರಲ್ಲಿ ಬೋಸ್ಟನ್ನಿನ ಬೋನರ್ಟ್ ಮತ್ತು ಲವ್‌ಜಾಯ್ ಎಂಬ ವೈದ್ಯರು ಟ್ರೈಸೈಕ್ಲಿಕ್ ಮಾತ್ರೆ ಹೆಚ್ಚಾದ 49 ರೋಗಿಗಳನ್ನು ಗಮನಿಸಿ ವರದಿ ಮಾಡಿದರು. ಈ ಅಗಲ 100ಕ್ಕಿಂತ, ಅಂದರೆ ಎರಡೂವರೆ ಚೌಕಕ್ಕಿಂತ ಕಡಿಮೆಯಿದ್ದವರಲ್ಲಿ ಯಾರಿಗೂ ಫಿಟ್ಸ್ ಬರಲಿಲ್ಲ. 160, ಅಂದರೆ ನಾಲ್ಕು ಚೌಕ ಮುಟ್ಟಿದವರಲ್ಲಿ ಮಾತ್ರ ಕೆಳಕೋಣೆಗಳ ಬಡಿತ ಅಪಾಯಕಾರಿಯಾಗಿ ತಾಳ ತಪ್ಪಿತು. ಅದೇ ರೋಗಿಗಳ ರಕ್ತದಲ್ಲಿ ಔಷಧಿ ಎಷ್ಟಿತ್ತು ಎಂಬ ಅಳತೆಯಿಂದ ಈ ಮುನ್ಸೂಚನೆ ಸಿಗಲಿಲ್ಲ. ನುಂಗಿದ ಲೆಕ್ಕಕ್ಕಿಂತ, ರಕ್ತದ ಲೆಕ್ಕಕ್ಕಿಂತ, ಗೆರೆಯ ಅಗಲ ಹೆಚ್ಚು ನಿಜ ಹೇಳಿತು. ತಾಲ್ಲೂಕು ಆಸ್ಪತ್ರೆಯಲ್ಲೂ ಇರುವ, ಐದು ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಇದು. ಲಕ್ಷಾಂತರ ರೂಪಾಯಿಯ ಯಂತ್ರ ಬೇಕಾಗಿಲ್ಲ.

ಅಗಲವಾದದ್ದು ಕಂಡರೆ ಕೊಡುವ ಮದ್ದೂ ದುಬಾರಿಯದಲ್ಲ: ಸೋಡಿಯಂ ಬೈಕಾರ್ಬನೇಟ್ ಇಂಜೆಕ್ಷನ್. ಅದರ ಸೋಡಿಯಂ ಮುಚ್ಚಿದ ದಾರಿಯನ್ನು ನೂಕಿ ತೆರೆಯಲು ನೆರವಾಗುತ್ತದೆ, ಅದರ ಕ್ಷಾರಗುಣ ಔಷಧಿಯ ಹಿಡಿತವನ್ನು ಸಡಿಲಿಸುತ್ತದೆ. ಕೊಡುತ್ತಿದ್ದಂತೆಯೇ ಇಸಿಜಿ ಗೆರೆ ಕಿರಿದಾಗುವುದನ್ನು ಪರದೆಯ ಮೇಲೆ ನೋಡಬಹುದು. ಹೊಸ ವಂಶದ ಮಾತ್ರೆಗಳಲ್ಲಿ ಕಣ್ಣಿಡಬೇಕಾದ ಗೆರೆ ಬೇರೆ. ಸಿಟಲೋಪ್ರಾಮ್, ಎಸ್ಸಿಟಲೋಪ್ರಾಮ್‌ಗಳಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗಬಹುದು, ಅದೂ ಕೆಲವು ಗಂಟೆ ತಡವಾಗಿ. ಆದ್ದರಿಂದ ಬಂದ ಕೂಡಲೇ ತೆಗೆದ ಇಸಿಜಿ ಚೆನ್ನಾಗಿದೆ ಎಂದು ಫೈಲಿನಲ್ಲಿಟ್ಟು ಮರೆಯುವಂತಿಲ್ಲ; ಮತ್ತೆ ಮತ್ತೆ ತೆಗೆಯಬೇಕು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಜೊಡಯಾಜೆಪೈನ್‌ಗೆ ಒಂದು ಪ್ರತಿಮದ್ದಿದೆ. ಫ್ಲುಮಜೆನಿಲ್ ಎಂದು ಹೆಸರು. ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಪಡೆಯಿತು. ನರಕ್ಕೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ಮಲಗಿದವರು ಕಣ್ಣು ಬಿಟ್ಟು ಹೆಸರು ಹೇಳುತ್ತಾರೆ. ಮನೆಯವರ ಎದುರಿಗೆ ಇಷ್ಟು ನಾಟಕೀಯವಾಗಿ ಫಲ ತೋರುವ ಔಷಧಿ ಅಪರೂಪ. ಹಾಗಾದರೆ ಎಲ್ಲರಿಗೂ ಏಕೆ ಕೊಡುವುದಿಲ್ಲ?

ಖಿನ್ನತೆಯ ಮಾತ್ರೆ ಮಿತಿಮೀರಿದರೆ ಫಿಟ್ಸ್ ಬರಬಹುದು. ಫಿಟ್ಸ್ ಬಂದರೆ ನಾವು ಕೊಡುವ ಮೊದಲ ಔಷಧಿ ಬೆಂಜೊಡಯಾಜೆಪೈನ್. ಎರಡನ್ನೂ ನುಂಗಿದ ರೋಗಿ, ತನಗೆ ಬರಬೇಕಾಗಿದ್ದ ಫಿಟ್ಸ್‌ಗೆ ಮದ್ದನ್ನೂ ತಾನೇ ನುಂಗಿಬಿಟ್ಟಿದ್ದಾನೆ. ಅವನ ನಿದ್ದೆ ಬೂದಿ ಮುಚ್ಚಿದ ಕೆಂಡ. ಫ್ಲುಮಜೆನಿಲ್ ಕೊಟ್ಟು ಆ ಬೂದಿಯನ್ನು ಊದಿದರೆ ನಿದ್ದೆ ಹೋಗುತ್ತದೆ, ಫಿಟ್ಸ್ ಬರುತ್ತದೆ. ಫಿಟ್ಸ್‌ನಿಂದ ರಕ್ತ ಇನ್ನಷ್ಟು ಆಮ್ಲೀಯವಾಗಿ ಹೃದಯ ತಾಳ ತಪ್ಪುತ್ತದೆ. ಆಗ ಫಿಟ್ಸ್‌ಗೆ ಬೆಂಜೊಡಯಾಜೆಪೈನ್ ಕೊಡೋಣವೆಂದರೆ, ಅದು ಕೆಲಸ ಮಾಡುವ ಜಾಗವನ್ನು ನಾವೇ ಈಗಷ್ಟೇ ಮುಚ್ಚಿರುತ್ತೇವೆ. ವರ್ಷಗಟ್ಟಲೆ ನಿದ್ದೆ ಮಾತ್ರೆಗೆ ಒಗ್ಗಿಕೊಂಡವರಲ್ಲಿ ಅದೊಂದೇ ಕಾರಣಕ್ಕೂ ಫಿಟ್ಸ್ ಬರಬಹುದು. ಹಾಗಾಗಿ ಎರಡು ಬೆರೆತಿರುವ ಅನುಮಾನವಿದ್ದರೂ ಸಾಕು, ಆ ಇಂಜೆಕ್ಷನ್ ಬೀರುವಿನಲ್ಲೇ ಇರಲಿ ಎನ್ನುವುದು ಈಗಿನ ಪದ್ಧತಿ. ಇದೇ ಪಾಠವನ್ನು ವೈದ್ಯಲೋಕ ಇನ್ನೊಂದು ಔಷಧಿಯಿಂದ ಅದಕ್ಕೂ ಮೊದಲೇ ಕಲಿಯಬೇಕಿತ್ತು. ಫೈಸೊಸ್ಟಿಗ್ಮಿನ್ ಎಂಬುದನ್ನು ಟ್ರೈಸೈಕ್ಲಿಕ್ ರೋಗಿಗಳನ್ನು ಎಬ್ಬಿಸಲು ಬಳಸುತ್ತಿದ್ದರು. 1980ರಲ್ಲಿ ಅಮೆರಿಕದಿಂದ, ಕೊಟ್ಟ ಮೇಲೆ ಇಬ್ಬರು ರೋಗಿಗಳ ಹೃದಯ ನಿಂತ ವರದಿ ಬಂದ ಮೇಲೆ ಅದು ಆ ಕೆಲಸಕ್ಕೆ ಹಿಂದೆ ಸರಿಯಿತು. ಮಲಗಿದವರನ್ನು ಎಬ್ಬಿಸಬೇಕೆಂಬ ಆಸೆ ವೈದ್ಯರಿಗೂ ಮನೆಯವರಿಗೂ ಒಂದೇ ಸಮ ಇರುತ್ತದೆ. ಈ ರೋಗಿಗಳಲ್ಲಿ ಎಬ್ಬಿಸುವುದು ಚಿಕಿತ್ಸೆಯ ಗುರಿಯಲ್ಲ. ಉಸಿರು ಕಾಯುತ್ತಾ, ಹೃದಯ ಕಾಯುತ್ತಾ, ಅವರಾಗಿಯೇ ಏಳುವವರೆಗೆ ಬಿಡುವುದು ಗುರಿ.

ಎಷ್ಟು ಆಳದ ನಿದ್ದೆ ಎಂದು ಅಳೆಯಲು ಗ್ಲಾಸ್ಗೋ ಅಳತೆ ಬಳಸುತ್ತೇವೆ. 3ರಿಂದ 15ರವರೆಗೆ ಅಂಕ: ಕಣ್ಣು, ಮಾತು, ಕೈಕಾಲಿನ ಚಲನೆ ನೋಡಿ. ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ತಲೆಗೆ ಪೆಟ್ಟಾದವರಿಗಾಗಿ ಮಾಡಿದ ಅಳತೆ ಅದು. ಎಂಟಕ್ಕಿಂತ ಕಡಿಮೆಯಾದರೆ ಗಂಟಲಿಗೆ ಕೊಳವೆ ಹಾಕಿ ಎಂಬ ಮಾತು ಅಲ್ಲಿಂದ ನಮ್ಮ ವಿಷದ ರೋಗಿಗಳಿಗೂ ಹಬ್ಬಿತು. ಅದು ಎಲ್ಲರಿಗೂ ಬೇಕೇ ಎಂದು ಫ್ರಾನ್ಸಿನ 20 ತುರ್ತು ವಿಭಾಗಗಳು, ಒಂದು ಐಸಿಯು ಸೇರಿ 225 ರೋಗಿಗಳಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಕಾದು ನೋಡೋಣ ಎಂದ ಗುಂಪಿನಲ್ಲಿ ಕೊನೆಗೆ ಕೊಳವೆ ಬೇಕಾದದ್ದು ಶೇಕಡಾ 16 ಮಂದಿಗೆ, ಎಂದಿನ ಪದ್ಧತಿಯ ಗುಂಪಿನಲ್ಲಿ ಶೇಕಡಾ 58 ಮಂದಿಗೆ. ಎರಡೂ ಗುಂಪಿನಲ್ಲಿ ಆಸ್ಪತ್ರೆಯಲ್ಲಿ ಸಾವಾಗಲಿಲ್ಲ. ಕಾದವರ ಐಸಿಯು ವಾಸ ಕಡಿಮೆಯಾಯಿತು. ಆದರೆ ಹೃದಯಕ್ಕೆ ಪೆಟ್ಟು ಕೊಡುವ ಔಷಧಿಯ ಸಂಶಯವಿದ್ದಾಗ ಈ ಲೆಕ್ಕ ಹಿಡಿದು ಕಾಯುವುದನ್ನು ನಾನಂತೂ ಒಪ್ಪುವುದಿಲ್ಲ. ಬೆರೆತ ಮಾತ್ರೆಯ ರೋಗಿಯಲ್ಲಿ ಅಂಕ ಎಷ್ಟು ಎಂಬುದರಷ್ಟೇ, ಅದು ಅರ್ಧ ಗಂಟೆಯ ಹಿಂದಿಗಿಂತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ.

“ಹೊಟ್ಟೆ ತೊಳೆದ್ರಾ ಡಾಕ್ಟ್ರೇ?” ಈ ಪ್ರಶ್ನೆ ಬಾರದ ರಾತ್ರಿಯಿಲ್ಲ. ತೊಳೆಯದಿದ್ದರೆ ನಿರ್ಲಕ್ಷ್ಯ ಮಾಡಿದರು ಎಂದು ಮನೆಯವರ ಭಾವನೆ. ಮಲಗಿರುವವರ ಹೊಟ್ಟೆಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವೇ ಹೆಚ್ಚು, ಲಾಭ ಕಡಿಮೆ. ಹೆಚ್ಚಿನವರಿಗೆ ಈಗ ಮಾಡುವುದಿಲ್ಲ. ಬೇಗ ಬಂದು, ಇನ್ನೂ ಎಚ್ಚರವಿದ್ದು, ನುಂಗಬಲ್ಲವರಿಗೆ ಔಷಧದ ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ಮನೆಯಲ್ಲಿ ಉಪ್ಪುನೀರು, ಹುಣಸೆಹುಳಿ ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ. ಒಂದು ಬದಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ಸಿಕ್ಕ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ. ಯಾವ ಮಾತ್ರೆ ಎಂದು ತಿಳಿಯಲು ಮಾಡುವ ಮೂತ್ರ ಪರೀಕ್ಷೆಯನ್ನೂ ಅತಿಯಾಗಿ ನಂಬಬೇಡಿ. ಸಾಮಾನ್ಯ ಪಟ್ಟಿ ಪರೀಕ್ಷೆ ಕ್ಲೊನಜೆಪಾಮ್, ಲೊರಾಜೆಪಾಮ್‌ಗಳನ್ನು ಎಷ್ಟೋ ಸಲ ಹಿಡಿಯುವುದಿಲ್ಲ. ಕಾರ್ಬಮಜೆಪಿನ್, ಕ್ವೆಟಿಯಾಪಿನ್ ಎಂಬ ಬೇರೆ ಔಷಧಿಗಳನ್ನು ತೆಗೆದುಕೊಂಡವರಲ್ಲಿ ಟ್ರೈಸೈಕ್ಲಿಕ್ ಇದೆ ಎಂದು ಸುಳ್ಳು ಹೇಳಬಹುದು.

ಹೊಸ ವಂಶದ ಮಾತ್ರೆಗಳು ಸಾಧು ಎಂದೆನಲ್ಲ, ಅವಕ್ಕೂ ಒಂದು ಕಾಟವಿದೆ. ಮಿದುಳಿನಲ್ಲಿ ಸೆರೊಟೊನಿನ್ ಅತಿಯಾದರೆ ಮೈ ಬೆವರುತ್ತದೆ, ನಡುಗುತ್ತದೆ, ಜ್ವರ ಏರುತ್ತದೆ, ಕಾಲು ಬಿಗಿಯುತ್ತದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ವಿಷದ ರೋಗಿಗಳ ಪ್ರತಿ ವಿವರವನ್ನೂ 1987ರಿಂದ ದಾಖಲಿಸಿಕೊಂಡು ಬಂದ ಒಂದು ತಂಡವಿದೆ. 2003ರಲ್ಲಿ ಅವರು ಇದನ್ನು ಗುರುತಿಸುವ ಹಂಟರ್ ಸೂತ್ರ ಕೊಟ್ಟರು. ಅದರ ತಿರುಳು ಬಹಳ ಸರಳ: ಪಾದವನ್ನು ಚಟ್ಟನೆ ಮೇಲಕ್ಕೆ ಮಡಿಸಿ ಹಿಡಿದರೆ ಅದು ತಾನಾಗಿ ಪಟಪಟನೆ ಬಡಿದುಕೊಳ್ಳುತ್ತದೆಯೇ ನೋಡಿ. ಹೊಸ ವಂಶದ ಮಾತ್ರೆ ಹೆಚ್ಚಾದವರಲ್ಲಿ ಸುಮಾರು ಏಳರಲ್ಲಿ ಒಬ್ಬರಿಗೆ ಈ ಕಾಟ ಕಂಡಿತ್ತು ಎಂದು ಅವರ ಲೆಕ್ಕ ಹೇಳುತ್ತದೆ. ಇದಕ್ಕೂ ಮೊದಲ ಮದ್ದು ಬೆಂಜೊಡಯಾಜೆಪೈನೇ. ಅಂದರೆ ಜೊತೆಗೆ ನಿದ್ದೆ ಮಾತ್ರೆ ನುಂಗಿದವರಲ್ಲಿ ಗುರುತುಗಳು ಮಸುಕಾಗಿರುತ್ತವೆ. ಹೊದಿಕೆ ಸರಿಸಿ ಪಾದ ಮುಟ್ಟಿ ನೋಡದಿದ್ದರೆ ತಪ್ಪಿಹೋಗುತ್ತದೆ.

ಬೆರಕೆ ಆಸ್ಪತ್ರೆಯೊಳಗೇ ಆಗುವುದೂ ಉಂಟು. 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಆಸ್ಪತ್ರೆಗೆ ಲಿಬ್ಬಿ ಜಿಯಾನ್ ಎಂಬ 18ರ ವಿದ್ಯಾರ್ಥಿನಿ ಜ್ವರ, ಮೈ ಅದುರು ಎಂದು ದಾಖಲಾದಳು. ಅವಳು ಹೆಚ್ಚಿಗೆ ಮಾತ್ರೆ ನುಂಗಿದವಳಲ್ಲ. ಫೆನೆಲ್ಜಿನ್ ಎಂಬ ಖಿನ್ನತೆ ಮಾತ್ರೆಯನ್ನು ವೈದ್ಯರು ಹೇಳಿದಂತೆ ತೆಗೆದುಕೊಳ್ಳುತ್ತಿದ್ದಳು. ಅದುರು ತಗ್ಗಿಸಲೆಂದು ಮಂಪರು ತರುವ ಪೆಥಿಡಿನ್ ಕೊಟ್ಟರು. ಆ ಎರಡು ಕೂಡಬಾರದವು. ಅವಳು ಇನ್ನಷ್ಟು ಚಡಪಡಿಸಿದಾಗ ಕಟ್ಟಿ ಮಲಗಿಸಿದರು. ಬೆಳಗಿನ ಜಾವಕ್ಕೆ ಜ್ವರ ಉಕ್ಕಿ ತೀರಿಕೊಂಡಳು. ಸಾವಿಗೆ ಇದೊಂದೇ ಕಾರಣವೇ ಎಂಬ ವಾದ ನ್ಯಾಯಾಲಯದಲ್ಲೂ ಬಹುಕಾಲ ನಡೆಯಿತು. ತಂದೆ ಸಿಡ್ನಿ ಜಿಯಾನ್ ಪತ್ರಕರ್ತ, ಸುಮ್ಮನಿರಲಿಲ್ಲ. ಆ ರಾತ್ರಿ ಅವಳನ್ನು ನೋಡಿದವರು ನಿದ್ದೆಗೆಟ್ಟು ದುಡಿಯುತ್ತಿದ್ದ ಕಲಿಕೆಯ ವೈದ್ಯರು ಎಂಬುದು ದೊಡ್ಡ ಚರ್ಚೆಯಾಗಿ, 1989ರಲ್ಲಿ ನ್ಯೂಯಾರ್ಕ್ ರಾಜ್ಯ ಅಂಥವರ ದುಡಿಮೆಗೆ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 80 ಗಂಟೆ ಎಂದರೆ ಕಡಿಮೆಯೇನಲ್ಲ ಎಂದು ನಮ್ಮ ಹೌಸ್ ಸರ್ಜನ್ನರು ನಕ್ಕಾರು. ಚಡಪಡಿಕೆಯನ್ನು ಹಟವೆಂದೂ ನಿದ್ದೆಯನ್ನು ವಿಶ್ರಾಂತಿಯೆಂದೂ ಓದುವ ಕಣ್ಣು ದಣಿದ ಕಣ್ಣೇ.

ಇನ್ನು ಕಾಯುವ ಕೆಲಸ. ಕನಿಷ್ಠ ಆರು ಗಂಟೆ ಮಾನಿಟರ್ ಮೇಲೆ ಇಡುವುದು ವಾಡಿಕೆ. ನಿಧಾನವಾಗಿ ಕರಗುವ ಮಾತ್ರೆಯಾದರೆ, ವಯಸ್ಸಾದವರಾದರೆ ಇನ್ನೂ ಹೆಚ್ಚು. ಕ್ಲೊನಜೆಪಾಮ್‌ನ ಅರ್ಧಭಾಗ ಮೈಯಿಂದ ಹೋಗಲು ಒಂದು ದಿನಕ್ಕೂ ಮಿಕ್ಕಿ ಬೇಕು. ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಬಿದ್ದಿದ್ದವರ ತೋಳು, ತೊಡೆಯ ಸ್ನಾಯು ಜಜ್ಜಿ ಮೂತ್ರ ಕಂದಾಗಿ ಮೂತ್ರಪಿಂಡಕ್ಕೆ ಕಷ್ಟವಾಗಬಹುದು, ಅದನ್ನೂ ನೋಡಬೇಕು. ರೋಗಿ ಅರೆಗಣ್ಣು ತೆರೆದು “ಮನೆಗೆ ಹೋಗ್ತೀನಿ” ಎಂದ ಕೂಡಲೇ ಮನೆಯವರು “ನಮ್ಮ ಜವಾಬ್ದಾರಿ ಮೇಲೆ ಕರ್ಕೊಂಡ್ಹೋಗ್ತೀವಿ, ಎಲ್ಲಿ ಸೈನ್ ಮಾಡಬೇಕು ಹೇಳಿ” ಎಂದು ನಿಲ್ಲುತ್ತಾರೆ. ಎದ್ದು ಕೂತದ್ದು ನಿದ್ದೆ ಇಳಿದುದರ ಗುರುತು. ಗೆರೆಯ ಅಗಲ ಇಳಿಯಿತೇ ಎಂದು ನಮ್ಮನ್ನು ಕೇಳಿ, ಆಮೇಲೆ ಸಹಿಯ ಮಾತು.

ಮನಸ್ಸಿನ ಪರೀಕ್ಷೆಗೂ ಈ ನಿದ್ದೆ ಅಡ್ಡ ಬರುತ್ತದೆ. ಬೆಂಜೊಡಯಾಜೆಪೈನ್ ನೆನಪನ್ನು ಅಳಿಸುತ್ತದೆ. ರಾತ್ರಿ ಎರಡು ಗಂಟೆಗೆ ರೋಗಿ ಅಳುತ್ತಾ ಹೇಳಿದ್ದು, “ಇನ್ನು ಹೀಗೆ ಮಾಡಲ್ಲ” ಎಂದು ಮಾತು ಕೊಟ್ಟದ್ದು ಬೆಳಿಗ್ಗೆ ಅವರಿಗೇ ನೆನಪಿರುವುದಿಲ್ಲ. ರಾತ್ರಿಯ ಆ ಮಾತನ್ನು ನಂಬಿ ಮನೋವೈದ್ಯರಿಗೆ ತೋರಿಸದೆ ಕಳಿಸುವುದು ಸರಿಯಲ್ಲ. ಪೂರ್ತಿ ಎಚ್ಚರವಾದ ಮೇಲೆ, ಮನೆಯವರನ್ನು ಸ್ವಲ್ಪ ಹೊರಗೆ ಕೂರಿಸಿ, ಕುರ್ಚಿ ಎಳೆದುಕೊಂಡು ಮತ್ತೆ ಮೊದಲಿನಿಂದ ಕೇಳಬೇಕು. ಸಾಯಬೇಕೆಂದೇ ನುಂಗಿದರೋ, ನಿದ್ದೆ ಬಾರದೆ ಒಂದರ ಮೇಲೊಂದು ನುಂಗಿದರೋ, ಕಣ್ಣು ಕಾಣದ ಅಜ್ಜಿ ಡಬ್ಬಿ ತಪ್ಪಿದರೋ, ಮೂರೂ ಒಂದೇ ಅಲ್ಲ. ಇಲ್ಲಿ ಅಂಕ ಹಾಕುವ ಅಳತೆ ಕೆಲಸಕ್ಕೆ ಬಾರದು. ಮುಂದೆ ಯಾರು ಮತ್ತೆ ಪ್ರಯತ್ನಿಸುತ್ತಾರೆಂದು ಅಂಕಪಟ್ಟಿಯಿಂದ ಊಹಿಸಲು ಹೋಗಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2022ರ ತನ್ನ ಸೂಚನೆಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಇಸಿಜಿಗೆ ಚೌಕಗಳಿವೆ, ಇದಕ್ಕೆ ಆ ಮನುಷ್ಯನ ಜೊತೆ ಕೂತು ಕೇಳುವುದೊಂದೇ ದಾರಿ.

ಈ ಭಾಷಣ ಕೇಳುತ್ತಿರುವವರಲ್ಲಿ ಯಾರಿಗಾದರೂ ಬದುಕು ಭಾರವೆನ್ನಿಸುತ್ತಿದ್ದರೆ, ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಿ ಕೇಂದ್ರ.

ಬಿಡುಗಡೆಯ ದಿನ ತಾಯಿಯೋ ಗಂಡನೋ ಕೇಳುವ ಕೊನೆಯ ಪ್ರಶ್ನೆ ಒಂದೇ: “ಇನ್ನು ಆ ಮಾತ್ರೆ ಬೇಡ ಅಲ್ವಾ? ಮನೇಲಿರೋದನ್ನೆಲ್ಲ ಬಿಸಾಕ್ಬಿಡ್ತೀವಿ.” ಹಳೆಯ ದಾಸ್ತಾನನ್ನು ಮನೆಯಲ್ಲಿ ಇಡಬೇಡಿ, ಸರಿ. ಆದರೆ ಖಿನ್ನತೆ ಇದ್ದರೆ ಚಿಕಿತ್ಸೆ ಬೇಕು. ಬಹಳ ಕಾಲ ನಿದ್ದೆ ಮಾತ್ರೆ ತೆಗೆದುಕೊಂಡವರಿಗೆ ಒಮ್ಮೆಲೇ ನಿಲ್ಲಿಸಿದರೆ ಅದರಿಂದಲೇ ಫಿಟ್ಸ್ ಬರಬಹುದು. ಯಾವುದು ಮುಂದುವರಿಯಬೇಕು, ಯಾವುದನ್ನು ಎಷ್ಟೆಷ್ಟು ಇಳಿಸಬೇಕು, ಹೃದಯಕ್ಕೆ ಸಾಧುವಾದದ್ದಕ್ಕೆ ಬದಲಿಸಬೇಕೇ ಎಂಬುದನ್ನು ಮನೋವೈದ್ಯರು ಬರೆದುಕೊಡುತ್ತಾರೆ. ತಿಂಗಳಿನ ಮಾತ್ರೆ ಒಟ್ಟಿಗೆ ತರಬೇಡಿ. ವಾರಕ್ಕಾಗುವಷ್ಟು ಮಾತ್ರ ಬರೆಸಿಕೊಳ್ಳಿ. ಮನೆಯಲ್ಲಿ ಒಬ್ಬರು ತಮ್ಮ ಹತ್ತಿರ ಬೀಗದಲ್ಲಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಕೊಡಲಿ. ಒಂದು ವಾರವಾಗುವಷ್ಟರಲ್ಲಿ ಮತ್ತೆ ಕರೆದುಕೊಂಡು ಬನ್ನಿ. ಬರುವಾಗ ಉಳಿದ ಸ್ಟ್ರಿಪ್ಪುಗಳನ್ನೂ ಚೀಟಿಯನ್ನೂ ತನ್ನಿ.